ಹೊಲದಲ್ಲಿ ದುಡಿಯುವ ನಮ್ಮವ್ವನ ಹೆಬ್ಬೆಟ್ಟು ರೇಷನ್ ಅಂಗಡಿಯ ಯಂತ್ರಕ್ಕೆ ಯಾಕೆ ಹತ್ತುವುದಿಲ್ಲ? (ಹಾವೇರಿ)

ಹೆಚ್ಚಾಗಿ ಬೆರಳಿನ ಗೆರೆ ಸವೆದಿರುವುದೇ ಕಾರಣ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಎರಡಾಗಿ ಕವಲೊಡೆಯುತ್ತದೆ ಅನ್ನೋ ಬಿಂದುಗಳನ್ನು ಯಂತ್ರ ಹುಡುಕುತ್ತದೆ. ಆಧಾರ್ ಮಾಡಿಸಿದಾಗ ಸಿಕ್ಕ ಬಿಂದುಗಳ ಜೊತೆ ಅವನ್ನು ಆಧಾರ್‌ನ ಕೇಂದ್ರ ಕಂಪ್ಯೂಟರ್ ತಾಳೆ ನೋಡುತ್ತದೆ. ಕಳೆ ತೆಗೆದು, ಹತ್ತಿ ಬಿಡಿಸಿ, ಪಾತ್ರೆ ತಿಕ್ಕಿ ಗೆರೆಯ ಉಬ್ಬು ಸವೆಯುತ್ತದೆ. ವಯಸ್ಸಾದಂತೆ ಚರ್ಮವೂ ಒಣಗುತ್ತದೆ. ಆಗ ಸಾಕಷ್ಟು ಬಿಂದುಗಳು ಸಿಗುವುದಿಲ್ಲ. ಎದುರಿಗೆ ನಿಂತವರು ಅವ್ವನೇ ಆದರೂ ಯಂತ್ರ ಒಪ್ಪುವುದಿಲ್ಲ!

ಹೆಬ್ಬೆಟ್ಟನ್ನೇ ಒತ್ತಬೇಕು ಅಂತೇನಿಲ್ಲ. ಆಧಾರ್‌ನಲ್ಲಿ 10 ಬೆರಳೂ ಇರುತ್ತವೆ, ಅಲ್ವಾ? ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಇಟ್ಟು ನೋಡಲಿ. ಎಲ್ಲ ಬೆರಳೂ ಒಂದೇ ಸಮ ಸವೆದಿರುವುದಿಲ್ಲ. ಆಗಲೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು, ಕಣ್ಣಿನ ಗುರುತು ಎರಡನ್ನೂ ಹೊಸದಾಗಿ ಕೊಡಿಸಿ. ಕಣ್ಣು ಕೆಲಸಕ್ಕೆ ಸವೆಯುವುದಿಲ್ಲ.