ಪಂಚಾಂಗದಲ್ಲಿ ಇಂದು ಚಿತ್ತಾ ನಕ್ಷತ್ರ ಎಂದಿದೆ, ಆದರೆ ರಾತ್ರಿ ಚಂದ್ರ ಚಿತ್ತೆಯ ಪಕ್ಕದಲ್ಲಿಲ್ಲ. ಏಕೆ?

ಪಂಚಾಂಗ ತಪ್ಪಿಲ್ಲ. ಅದು ಹೇಳುವ ಚಿತ್ತಾ ಒಂದು ಚುಕ್ಕಿಯಲ್ಲ, ಚಂದ್ರನ ದಾರಿಯ 13 ಅಂಶ (ಡಿಗ್ರಿ) 20 ಕಲೆಯ (ಅಂಶದ 60ನೇ ಒಂದು ಪಾಲು ಒಂದು ಕಲೆ) ಭಾಗ: ಕನ್ಯಾ ರಾಶಿಯ 23°20' ನಿಂದ ತುಲಾ ರಾಶಿಯ 6°40' ವರೆಗೆ. ಚಿತ್ತೆ ತಾರೆ, ಅಂದರೆ ಸ್ಪೈಕಾ ಎಂಬ ನೀಲಿ-ಬಿಳಿ ತಾರೆ ಇರುವುದು ಇದರ ನಡುವೆ, ಮೇಷದ ಆರಂಭದಿಂದ ಸುಮಾರು 180 ಅಂಶದಲ್ಲಿ. ರಾಶಿಚಕ್ರದ ಆರಂಭ ಎಲ್ಲಿ ಎಂದು ಗೊತ್ತುಮಾಡುವ ಚಿತ್ರಾಪಕ್ಷ ಅಯನಾಂಶದ ಲೆಕ್ಕ ನಿಂತಿರುವುದೇ ಈ ತಾರೆಯ ಮೇಲೆ.

ಗೊಂದಲಕ್ಕೆ ಮುಖ್ಯ ಕಾರಣ ಬೇರೆ. ದಿನದ ನಕ್ಷತ್ರವೆಂದು ದಪ್ಪಕ್ಷರದಲ್ಲಿ ಕೊಡುವುದು ಸೂರ್ಯೋದಯದ್ದು. ಚಂದ್ರ ಗಂಟೆಗೆ ಸುಮಾರು ಅರ್ಧ ಅಂಶ ಪೂರ್ವಕ್ಕೆ ಸರಿಯುತ್ತಾನೆ. ರಾತ್ರಿ 8ರ ಹೊತ್ತಿಗೆ ಏಳು ಅಂಶ ದಾಟಿ ಮುಂದಿನ ನಕ್ಷತ್ರವಾದ ಸ್ವಾತಿಯ ಭಾಗದಲ್ಲಿರಬಹುದು. ಪಕ್ಕದಲ್ಲಿರುವ ಮುಕ್ತಾಯದ ಗಳಿಗೆ (ಅಥವಾ ಗಂಟೆ-ನಿಮಿಷ) ನೋಡಿಯೇ ಆಕಾಶ ನೋಡಿ.

ತಾರೆಯನ್ನೇ ತಪ್ಪು ಗುರುತಿಸುವವರೂ ಬಹಳ. ಮೇ ತಿಂಗಳಲ್ಲಿ ರಾತ್ರಿ 9ಕ್ಕೆ ಉತ್ತರದ ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದುವರಿಸಿ. ಕೈ ಚಾಚಿ ಹಿಡಿದ ಮೂರು ಮುಷ್ಟಿಯಷ್ಟು ದೂರದಲ್ಲಿ ಸಿಗುವ ಕಿತ್ತಳೆ ಬಣ್ಣದ್ದು ಸ್ವಾತಿ. ಅಲ್ಲಿಗೇ ನಿಲ್ಲಬೇಡಿ, ದಕ್ಷಿಣಕ್ಕೆ ಇನ್ನೂ ಮೂರು ಮುಷ್ಟಿ ಹೋದರೆ ಚಿತ್ತೆ.

ಅಂದಹಾಗೆ, ರೈತರ ‘ಚಿತ್ತಾ ಮಳೆ’ ಚಂದ್ರನ ಲೆಕ್ಕವಲ್ಲ; ಸೂರ್ಯ ಇದೇ ಭಾಗದಲ್ಲಿರುವ ಅಕ್ಟೋಬರಿನ ಸುಮಾರು ಎರಡು ವಾರ.