ಗಾಡಿ ಪ್ರಶ್ನೋತ್ತರ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕು, ದಿನದ ಓಡಾಟಕ್ಕೆ

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ದಿನಕ್ಕೆ 40 ಕಿ.ಮೀ. ಓಡಾಟ, ಅರ್ಧ ಹೆದ್ದಾರಿ, ಅರ್ಧ ಊರೊಳಗೆ. ಹಳೆಯ ಯಮಹಾ ಆರ್15 ಕೊಳ್ಳುವ ಆಸೆ. ವಿ1, ವಿ2, ವಿ3ರಲ್ಲಿ ಯಾವುದು ಒಳ್ಳೆಯದು? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?
(ಓದುಗರು, ತುಮಕೂರು)

ಉತ್ತರ: ಕೂರಲು ಸುಖವೆಂದರೆ 2008ರಲ್ಲಿ ಬಂದ ವಿ1. ಒಂದೇ ಉದ್ದ ಸೀಟು, ಹ್ಯಾಂಡಲ್ಲೂ ಅಷ್ಟು ತಗ್ಗಿಲ್ಲ. ಆದರೆ ಈಗ ಸಿಗುವ ವಿ1 ಗಾಡಿಗಳಿಗೆ ವಯಸ್ಸಾಗಿದೆ, ಹಿಂದಿನ ಟೈರು ಬರೀ 100 ಮಿ.ಮೀ. ಅಗಲದ್ದು. 2011ರ ವಿ2 ಮಧ್ಯದ ದಾರಿ: 149.8 ಸಿಸಿ, ಸೀಟಿನ ಎತ್ತರ 800 ಮಿ.ಮೀ., 12 ಲೀಟರ್ ಟ್ಯಾಂಕು. 2018ರ ವಿ3 155 ಸಿಸಿ. 7,400 ಆರ್‌ಪಿಎಂ ದಾಟಿದರೆ ಇನ್ನೊಂದು ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆಯುವ ಭಾಗ) ಕೆಲಸಕ್ಕೆ ಬಂದು ಎಳೆತ ಹೆಚ್ಚುತ್ತದೆ, ಕ್ಲಚ್ಚೂ ಹಗುರ. ಸೀಟು ಮಾತ್ರ 815 ಮಿ.ಮೀ.ಗೆ ಏರಿದೆ, ಹ್ಯಾಂಡಲ್ ಇನ್ನಷ್ಟು ಬಗ್ಗಿಸುತ್ತದೆ. ನಿಮ್ಮ ದಾರಿಯಲ್ಲಿ ಅರ್ಧ ಹೆದ್ದಾರಿ ಇರುವುದರಿಂದ, ದುಡ್ಡು ಹೊಂದಿದರೆ 2019ರ ನಂತರದ ವಿ3 ನೋಡಿ. ಎರಡೂ ಚಕ್ರಕ್ಕೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದಿದ್ದು ಆಗಲೇ. ವಿ2ಗೆ ಎಬಿಎಸ್ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಲಾರಿ ಹಿಂದೆ ಹೋಗುವಾಗ ಸೀಟು 15 ಮಿ.ಮೀ. ಎತ್ತರವಾದ ಕಷ್ಟಕ್ಕಿಂತ ಎಬಿಎಸ್ ದೊಡ್ಡದು.

ನೋಡಲು ಬೆಳಿಗ್ಗೆಯೇ ಹೋಗಿ. ನೀವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಹೊರಟಿದ್ದಾರೆ ಎಂದೇ ಲೆಕ್ಕ, ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಸಿ. ಕೂಲಂಟ್ ಬಣ್ಣದ್ದಾಗಿ ತಿಳಿಯಾಗಿರಬೇಕು. ನಲ್ಲಿ ನೀರಿದ್ದರೆ ಒಳಗೆ ತುಕ್ಕು ಶುರುವಾಗಿರುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಟೀ ಬಣ್ಣದ ಜಿಡ್ಡು ಕಂಡರೆ ಆಯಿಲಿಗೆ ನೀರು ಸೇರುತ್ತಿದೆ. ವಾಟರ್ ಪಂಪಿನ ಸೀಲ್ ಹೋಗಿರಬಹುದು, ಹೆಡ್ ಗ್ಯಾಸ್ಕೆಟ್ಟೂ ಇರಬಹುದು. ಮೊದಲನೆಯದು ಸಣ್ಣ ಖರ್ಚು, ಎರಡನೆಯದು ಅಲ್ಲ. ಯಾವುದೆಂದು ಗೊತ್ತಾಗದೆ ರೇಟು ಮಾತಾಡಬೇಡಿ.

ಬಿದ್ದ ಗಾಡಿಯನ್ನು ಹೊಸ ಪ್ಲಾಸ್ಟಿಕ್ಕು ಚೆನ್ನಾಗಿ ಮರೆಮಾಚುತ್ತದೆ. ಹಾಗಾಗಿ ಫೇರಿಂಗ್ (ಗಾಡಿಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ನೋಡುವ ಬದಲು ಅದರ ಹಿಂದೆ ನೋಡಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಅದು ಬಂದು ತಾಗಿ ನಿಲ್ಲುವ ಒಂದು ಸಣ್ಣ ಗುಬಟು ಚಾಸಿಯ ಕುತ್ತಿಗೆಯಲ್ಲಿದೆ. ಅದು ಜಜ್ಜಿದ್ದರೆ, ಮುರಿದಿದ್ದರೆ ಅಥವಾ ವೆಲ್ಡ್ ಆಗಿದ್ದರೆ ಮುಂದಿನಿಂದ ಬಲವಾದ ಪೆಟ್ಟು ಬಿದ್ದಿದೆ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನಕ್ಕೆ ಆಡಿಸಿ. ನಡುವೆ ಒಂದು ಕಡೆ ಗುಂಡಿಯೊಳಗೆ ಕೂತಂತೆ ಸಿಕ್ಕಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಬದಲಿಸಬಹುದಾದದ್ದು, ರೇಟಿನಲ್ಲಿ ಕಳೆಯಿರಿ. ಫೋರ್ಕಿನ ಹೊಳೆಯುವ ಭಾಗಕ್ಕೆ ಟಿಶ್ಯೂ ಒತ್ತಿ ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಕುಕ್ಕಿ. ಎಣ್ಣೆ ಅಂಟಿದರೆ ಆಯಿಲ್ ಸೀಲ್ ಸೋರುತ್ತಿದೆ.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ ಕಟ್ಟಕಡೆಯಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧ ಕಾಣುವಷ್ಟು ಎದ್ದರೆ ಚೈನು, ಎರಡೂ ಸ್ಪ್ರಾಕೆಟ್ಟು ಒಟ್ಟಿಗೆ ಹೊಸದು ಬೇಕು. ಬರೀ ಚೈನು ಹಾಕಿಸಿದರೆ ಹಳೆ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಟೈರಿನ ಮೇಲೆ ಡಾಟ್ ಗುರುತಿನ ಸಾಲಿನ ಕೊನೆಯ 4 ಅಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳವಿರಲಿ, 6 ವರ್ಷದ ರಬ್ಬರು ಒದ್ದೆ ರಸ್ತೆಗೆ ಆಗದು. ಓಡಿಸಲು ಕೊಟ್ಟಾಗ 5ನೇ ಗೇರಿನಲ್ಲಿ 40ಕ್ಕೆ ಹೋಗಿ ಆಕ್ಸಿಲರೇಟರ್ ಒಮ್ಮೆಲೇ ಪೂರ್ತಿ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಕಿ.ಮೀ. ಎಷ್ಟು ಓಡಿದೆ ಎಂಬುದನ್ನು ಮೀಟರಿಗಿಂತ ಫುಟ್‌ರೆಸ್ಟಿನ ರಬ್ಬರು, ಗೇರ್ ಲಿವರಿನ ತುದಿ, ಡಿಸ್ಕ್ ಎಷ್ಟು ಸವೆದಿದೆ ಎಂಬುದು ಸರಿಯಾಗಿ ಹೇಳುತ್ತವೆ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟೆಂದು ಕೊರೆದಿರುತ್ತಾರೆ.

ಪ್ರಶ್ನೆ: ಹೊಸೂರಿನಲ್ಲಿ ಟಿಎನ್ ನಂಬರಿನ ಕೆಟಿಎಂ ಆರ್‌ಸಿ 200 ಇದೆ, ಕಡಿಮೆ ರೇಟು. ಸಹಿ ಹಾಕಿದ ಫಾರಂ 29, 30 (ಹೆಸರು ವರ್ಗಾವಣೆಯ ಅರ್ಜಿಗಳು) ಕೊಡುತ್ತೇವೆ, ಹೆಸರು ಯಾವಾಗಲಾದರೂ ಬದಲಿಸಿಕೊಳ್ಳಿ ಎನ್ನುತ್ತಿದ್ದಾರೆ. ತೊಂದರೆಯಿಲ್ಲವೇ?
(ಓದುಗರು, ಆನೇಕಲ್)

ಉತ್ತರ: ಇದೆ. ಗಾಡಿಯ ನೋಂದಣಿ ಪತ್ರದಲ್ಲಿ (ಆರ್‌ಸಿ) ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಅಪಘಾತವಾದರೆ ಅವರು ಸಿಕ್ಕಿಬೀಳುತ್ತಾರೆ, ಗಾಡಿ ಕಳುವಾದರೆ ನೀವು ಸಿಕ್ಕಿಬೀಳುತ್ತೀರಿ: ವಿಮೆ ನಿಮ್ಮ ಹೆಸರಿನಲ್ಲಿಲ್ಲ. ವರ್ಗಾವಣೆಯಾದ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ಬೇರೆ ರಾಜ್ಯದ್ದಾದ್ದರಿಂದ 29, 30 ಸಾಲದು. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದನ್ನು ಮಾರುವವರೇ ತಂದುಕೊಡಬೇಕು. ಸಾಲದ ಗಾಡಿಯಾದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಇದರ ಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಕಟ್ಟಬೇಕು. ‘ಕಡಿಮೆ ರೇಟು’ ಎಂಬುದರ ಗುಟ್ಟು ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ತೆರಿಗೆ ಎಷ್ಟೆಂದು ನಿಮ್ಮ ಆರ್‌ಟಿಒದಲ್ಲಿ ಕೇಳಿ, ಕೂಡಿಸಿ ನೋಡಿ, ಕೆಎ ನಂಬರಿನದಕ್ಕೆ ಹೋಲಿಸಿ.

ಅಡ್ವಾನ್ಸ್ ಕೊಡುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಸಾಲ, ವಿಮೆ, ಬಾಕಿ ದಂಡ ನೋಡಿ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ, ಆರ್‌ಟಿಒಗೂ ಅದು ಬೇಕು. ಅಂಕಿಗಳ ಸಾಲು ಸೊಟ್ಟಗಿದ್ದರೆ, ಸುತ್ತ ಪೇಂಟ್ ಬೇರೆಯಾಗಿದ್ದರೆ ಅಲ್ಲಿಂದ ಹೊರಡಿ.

ಪ್ರಶ್ನೆ: ಆರ್15 ವಿ3 ಕೊಂಡು ಎರಡು ತಿಂಗಳು. ಮಣಿಕಟ್ಟು, ಕುತ್ತಿಗೆ ನೋವು. ಹ್ಯಾಂಡಲ್ ಎತ್ತರಿಸಬಹುದೇ? ಪೈಪ್ ಹ್ಯಾಂಡಲ್ (ಒಂದೇ ಉದ್ದ ಪೈಪಿನ ಹ್ಯಾಂಡಲ್) ಹಾಕಿಸು ಎಂದು ಗೆಳೆಯರು ಹೇಳುತ್ತಾರೆ.
(ಓದುಗರು, ಹುಬ್ಬಳ್ಳಿ)

ಉತ್ತರ: ದುಡ್ಡು ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಬ್ರೇಕ್, ಕ್ಲಚ್ ಲಿವರುಗಳ ಬೋಲ್ಟು ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಿ. ಸೀಟಿನ ಮೇಲೆ ಕೂತು ಬೆರಳು ಚಾಚಿದರೆ ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆಯಾಗಬೇಕು. ಲಿವರು ಮೇಲಿದ್ದರೆ ಪ್ರತಿ ಸಲವೂ ಮಣಿಕಟ್ಟು ಹಿಂದಕ್ಕೆ ಮುರಿಯುತ್ತದೆ, ನೋವಿನ ಮೂಲ ಅಲ್ಲಿದೆ. ಟ್ಯಾಂಕಿನ ಇಕ್ಕೆಲಕ್ಕೆ ರಬ್ಬರ್ ಗ್ರಿಪ್ ಅಂಟಿಸಿ ಮಂಡಿಯಿಂದ ಒತ್ತಿ ಹಿಡಿಯಿರಿ. ಮೈಯ ಭಾರ ಕಾಲು, ಸೊಂಟಕ್ಕೆ ಹೋದರೆ ಕೈ ಹಗುರಾಗುತ್ತದೆ. ಒಂದೆರಡು ವಾರ ಹೀಗೆ ಓಡಿಸಿ ನೋಡಿ.

ಆಮೇಲೂ ನೋವಿದ್ದರೆ ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು). 20 ಮಿ.ಮೀ. ಆಸುಪಾಸಿನದು ಸಾಕು, ಅದಕ್ಕಿಂತ ಹೆಚ್ಚಾದರೆ ಕೇಬಲ್ಲು, ಬ್ರೇಕ್ ಹೋಸು ಉದ್ದ ಸಾಲದೆ ಬರುತ್ತವೆ. ಹಾಕಿಸಿದ ಮೇಲೆ ಅಂಗಡಿಯಲ್ಲೇ ಎಂಜಿನ್ ಐಡಲಿನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ. ಆರ್‌ಪಿಎಂ ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ. ಇಕ್ಕಟ್ಟಾದ ಯೂ ಟರ್ನಿನಲ್ಲಿ ಗಾಡಿ ತಾನೇ ನುಗ್ಗುತ್ತದೆ, ಹಾಗೆ ಮನೆಗೆ ತರಬೇಡಿ. ಕ್ಲಚ್ ಲಿವರಿನಲ್ಲಿ ಸಡಿಲ ಉಳಿಯದಿದ್ದರೆ ಪ್ಲೇಟು ಸದಾ ಅರ್ಧ ಬಿಟ್ಟಂತಿದ್ದು ಸವೆಯುತ್ತದೆ. ಬ್ರೇಕ್ ಹೋಸು ಯಾವ ಕೋನದಲ್ಲೂ ತಂತಿಯಂತೆ ಬಿಗಿಯಬಾರದು. ಹೆಬ್ಬೆರಳು ಟ್ಯಾಂಕಿಗೂ ಗ್ರಿಪ್ಪಿಗೂ ನಡುವೆ ಸಿಕ್ಕಬಾರದು.

ಪೈಪ್ ಹ್ಯಾಂಡಲ್ ಬೇಡ. ಫೇರಿಂಗಿಗೆ ತಾಗುತ್ತದೆಂದು ಫೇರಿಂಗ್ ಕೊಯ್ಯುತ್ತಾರೆ, ಉದ್ದದ ಹೋಸು ಹಾಕಿಸಬೇಕಾಗುತ್ತದೆ, ಅದಕ್ಕೆ ಹೊಸ ತಾಮ್ರದ ವಾಷರ್, ಎಬಿಎಸ್ ಇರುವುದರಿಂದ ಎಚ್ಚರದ ಬ್ಲೀಡಿಂಗ್ (ಬ್ರೇಕ್ ಆಯಿಲಿನಿಂದ ಗಾಳಿ ತೆಗೆಯುವುದು). ಇಷ್ಟೆಲ್ಲ ಮಾಡಿ ನೆಟ್ಟಗೆ ಕೂರುವ ಗಾಡಿಯೇ ಬೇಕೆಂದಾದರೆ ಇದೇ ಎಂಜಿನ್ನಿನ ಎಂಟಿ-15 ಇದೆ, ಬದಲಿಸಿಕೊಳ್ಳುವುದು ಅಗ್ಗ.

ಪ್ರಶ್ನೆ: ಫ್ರೀ ಫ್ಲೋ ಸೈಲೆನ್ಸರ್, ಓಪನ್ ಏರ್ ಫಿಲ್ಟರ್ ಹಾಕಿದರೆ ಪಿಕಪ್ ಎಷ್ಟು ಹೆಚ್ಚುತ್ತದೆ?
(ಓದುಗರು, ಮೈಸೂರು)

ಉತ್ತರ: ಸದ್ದು ಹೆಚ್ಚುತ್ತದೆ. 150-200 ಸಿಸಿಯಲ್ಲಿ ಗಾಳಿ ಹೆಚ್ಚಾಗಿ ಬಂದರೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತನ್ನ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಟ್ರಾಫಿಕ್ಕಿನಲ್ಲಿ ಬೇಕಾದ ಕೆಳಗಿನ ಎಳೆತ ಕಡಿಮೆಯಾಗುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಶಬ್ದ, ಹೊಗೆಯ ಉಲ್ಲಂಘನೆಗೆ 10,000 ರೂ.ವರೆಗೆ ದಂಡವಿದೆ. ಪಿಕಪ್ಪೇ ಬೇಕಿದ್ದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. 14ರಿಂದ 13ಕ್ಕೆ ಇಳಿದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು 7.7% ಹೆಚ್ಚು, ಹೆದ್ದಾರಿಯಲ್ಲಿ ಆರ್‌ಪಿಎಂ ಕೂಡ ಅಷ್ಟೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇಂಥ ಸೈಲೆನ್ಸರ್ ಆಗಲೇ ಇದ್ದರೆ ಕಂಪನಿಯದ್ದನ್ನೂ ಕೇಳಿ ತೆಗೆದುಕೊಳ್ಳಿ. ‘ಎಲ್ಲೋ ಇದೆ, ಆಮೇಲೆ ಕೊಡುತ್ತೇನೆ’ ಎಂದರೆ ಹೊಸದರ ಬೆಲೆ ರೇಟಿನಲ್ಲಿ ಕಡಿತ.

ಪ್ರಶ್ನೆ: ಕೊಂಡ ಆರ್15 ವಿ2ನಲ್ಲಿ ಹಿಂದಿನ ಮಾಲೀಕರು ಮಡ್‌ಗಾರ್ಡ್ ಕತ್ತರಿಸಿ, 140ರ ಟೈರು ಹಾಕಿಸಿದ್ದಾರೆ. ಹೆಂಡತಿಯನ್ನು ಕೂರಿಸಿಕೊಂಡು ಕೆಲಸಕ್ಕೆ ಬಿಡಬೇಕು, ಅವಳು ಸೀರೆ ಉಡುತ್ತಾಳೆ. ಹೀಗೇ ಓಡಿಸಬಹುದೇ?
(ಓದುಗರು, ಮಂಗಳೂರು)

ಉತ್ತರ: ಮಡ್‌ಗಾರ್ಡು, ಸೀರೆ ಗಾರ್ಡು ಎರಡೂ ಹಾಕಿಸುವವರೆಗೆ ಅವರನ್ನು ಕೂರಿಸಬೇಡಿ. ಸೆರಗೋ ದುಪಟ್ಟವೋ ಚೈನಿಗೆ ಸಿಕ್ಕಿದರೆ ಕಣ್ಣು ಮಿಟುಕಿಸುವುದರೊಳಗೆ ಸುತ್ತಿಕೊಂಡು ಕುತ್ತಿಗೆ ಎಳೆಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟು ಇರಬೇಕು, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಿರಬೇಕು. ‘ಸ್ಪೋರ್ಟ್ಸ್ ಬೈಕಿಗೆ ಚೆನ್ನಾಗಿ ಕಾಣಲ್ಲ’ ಎಂದು ಮೊದಲ ದಿನವೇ ಬಿಚ್ಚಿಸುವ ಸಾಮಾನು ಇದೇ. ಒಂದೇ ಕಡೆ ಕಾಲು ಹಾಕಿ ಕೂರುವುದು ವಿ2ನ ಎತ್ತರದ, ಗೇಣಗಲದ ಹಿಂದಿನ ಸೀಟಿನಲ್ಲಿ ಅಪಾಯ. ಇದನ್ನು ಯಾವ ಬಿಡಿಭಾಗವೂ ಸರಿಪಡಿಸದು. ದಿನವೂ ಇಬ್ಬರೇ ಹೋಗುವುದಾದರೆ ಈ ಗಾಡಿ ನಿಮಗೆ ಹೊಂದುವುದಿಲ್ಲ.

ಟೈರಿನ ಮಾತು. ವಿ2ಗೆ ಕಂಪನಿ ಕೊಟ್ಟದ್ದು 130/70-17 (130 ಮಿ.ಮೀ. ಅಗಲ, ಟೈರಿನ ಎತ್ತರ ಅದರ 70%, ರಿಮ್ಮು 17 ಇಂಚು). ಅದರ ಹೊರವ್ಯಾಸ ಸುಮಾರು 614 ಮಿ.ಮೀ., 140/70ರದ್ದು 628. ಎಂದರೆ ಚಕ್ರ ಒಂದು ಸುತ್ತಿಗೆ 2.3% ಹೆಚ್ಚು ದೂರ ಸಾಗಬೇಕಾಗಿ ಎಳೆತ ಅಷ್ಟು ಮಂದ, ಚಕ್ರವೂ ಭಾರ. ಅದೇ ರಿಮ್ಮಿನಲ್ಲಿ ಅಗಲದ ಟೈರು ಹಿಸುಕಿಕೊಂಡು ಗುಂಡಗಾಗುವುದರಿಂದ ನೇರ ಹೋಗುವಾಗ ರಸ್ತೆಗೆ ತಾಗುವ ಭಾಗ ನೀವು ಅಂದುಕೊಂಡಷ್ಟು ಹೆಚ್ಚುವುದಿಲ್ಲ. ಈಗಿನದು ಸವೆದ ಮೇಲೆ 130ಕ್ಕೇ ಮರಳಿ. ಅಲ್ಲಿಯವರೆಗೆ ಟೈರಿಗೂ ಚೈನಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಒಂದು ವರ್ಷ ನಿಂತಿದ್ದ 2013ರ ಹೋಂಡಾ ಸಿಬಿಆರ್ 250ಆರ್ ಕೊಂಡಿದ್ದೇನೆ. ಮೊದಲು ಏನು ಮಾಡಿಸಲಿ?
(ಓದುಗರು, ಶಿವಮೊಗ್ಗ)

ಉತ್ತರ: ಸ್ಟಾರ್ಟ್ ಮಾಡುವ ಮೊದಲೇ ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ತೆಗೆಸಿ. ಅದರಲ್ಲಿರುವ ಎಥನಾಲ್ ತೇವ ಹೀರುತ್ತದೆ; ವರ್ಷ ನಿಂತರೆ ಟ್ಯಾಂಕಿನ ತಳದಲ್ಲಿ ತುಕ್ಕು, ಫ್ಯೂಯೆಲ್ ಪಂಪಿನ ಜಾಲರಿಯಲ್ಲಿ ಕಸ. ಟಾರ್ಚ್ ಬಿಟ್ಟು ಒಳಗೆ ನೋಡಿ. ಬಳಿಕ ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಫಿಲ್ಟರ್ ಸಮೇತ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ. ಡಬ್ಬಿಯ ಮೇಲೆ ‘ಜಾಸೋ ಎಂಎ’ (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಎಂದಿರಲಿ. ಕಾರಿನ ಆಯಿಲ್ ಹಾಕಿದರೆ ಅದರಲ್ಲೇ ಮುಳುಗಿರುವ ಕ್ಲಚ್ ಜಾರುತ್ತದೆ. ಕೂಲಂಟ್ ಕೂಡ ಹೊಸದು.

ಬ್ಯಾಟರಿಯನ್ನು ಮೀಟರಿನಲ್ಲಿ ನೋಡಿ: ಆಫ್ ಇದ್ದಾಗ 12.5 ವೋಲ್ಟ್ ಆಸುಪಾಸು, ಎಂಜಿನ್ 5,000 ಆರ್‌ಪಿಎಂನಲ್ಲಿದ್ದಾಗ 13.8ರಿಂದ 14.5. ಓಡುವಾಗಲೂ 13 ದಾಟದಿದ್ದರೆ ಹೊಸ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ, ಆರ್‌ಆರ್ ಯೂನಿಟ್ಟೋ (ಚಾರ್ಜಿಂಗ್ ನಿಯಂತ್ರಿಸುವ ರೆಗ್ಯುಲೇಟರ್-ರೆಕ್ಟಿಫೈಯರ್) ಚಾರ್ಜಿಂಗ್ ಕಾಯಿಲೋ ಕೆಟ್ಟಿದೆ. ಬ್ರೇಕ್ ಆಯಿಲ್ 2 ವರ್ಷಕ್ಕೊಮ್ಮೆ ಬದಲಿಸುವಂಥದ್ದು. ಗಾಜಿನ ಕಿಂಡಿಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣ ಕಂಡರೆ ಅದರಲ್ಲಿ ನೀರು ಸೇರಿದೆ, ಆಗುಂಬೆ ಇಳಿಯುವಾಗ ಬಿಸಿಗೆ ಕುದಿದು ಲಿವರು ಗ್ರಿಪ್ಪಿನವರೆಗೆ ಬಂದುಬಿಡಬಹುದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿಸಿ. ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ನಿಂತಲ್ಲೇ ಹಿಡಿದುಕೊಂಡಿದೆಯೇ ಎಂದು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲಷ್ಟೇ ರಸ್ತೆಗಿಳಿಸಿ.