ಆರದ ಹಸಿವು: ಹಾವೇರಿಯ ತಾಯಿಯೊಬ್ಬರಿಗೆ ಉತ್ತರ

ಹಾವೇರಿ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಮಕ್ಕಳು ದಪ್ಪಗಾಗುವುದಕ್ಕೆ ತಾಯಂದಿರ ಮುದ್ದೇ ಕಾರಣ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗಳಿಗೆ ಮೂರು ವರ್ಷ, ತೂಕ 28 ಕಿಲೋ. ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದಳು. ನಾಲ್ಕನೇ ತಿಂಗಳಿಂದ ಹಸಿವು ಆರುವುದೇ ಇಲ್ಲ. ರಾತ್ರಿ ಎದ್ದು ರೊಟ್ಟಿ ಬುಟ್ಟಿ ಹುಡುಕುತ್ತಾಳೆ. ಅಡುಗೆಮನೆಗೆ ಬೀಗ ಹಾಕಿ ನಾನು ಹೊರಗೆ ಕೂತು ಅಳುತ್ತೇನೆ. ದೊಡ್ಡ ಮಗ ಕಡ್ಡಿಯ ಹಾಗಿದ್ದಾನೆ. ನನ್ನ ಗಂಡ ನನ್ನ ಸೋದರಮಾವ. ಮನೆಗೆ ಬಂದವರೆಲ್ಲ ನಿಮ್ಮ ಲೇಖನ ತೋರಿಸಿ ನನ್ನನ್ನೇ ಬೈಯುತ್ತಾರೆ. ನಾನು ಮಾಡಿದ ತಪ್ಪೇನು?"

ತಂಗಿ, ಮೊದಲು ನಿಮ್ಮ ಕ್ಷಮೆ ಕೇಳುತ್ತೇನೆ. ಆ ಸಾಲನ್ನು ನಾವು ಅಚ್ಚು ಮಾಡಬಾರದಿತ್ತು. ಸಾಕಷ್ಟು ಮಕ್ಕಳ ವಿಷಯದಲ್ಲಿ ಬಿಸ್ಕತ್ತು, ಮೊಬೈಲು, ಆಟವಿಲ್ಲದ ದಿನಗಳು ಕಾರಣ ಇರಬಹುದು. ಆದರೆ ಒಂದೇ ಮನೆ, ಒಂದೇ ಅಡುಗೆ, ಅಣ್ಣ ಕಡ್ಡಿ, ತಂಗಿ ಮೂರು ವರ್ಷಕ್ಕೇ 28 ಕಿಲೋ ಅಂದರೆ ಅದನ್ನು ಮುದ್ದು ಅನ್ನುವುದಕ್ಕೆ ಆಗುವುದಿಲ್ಲ.

ನಿಮ್ಮ ಪತ್ರ ಓದುವಾಗ ನನಗೆ ಇಂಗ್ಲೆಂಡಿನ ಇಬ್ಬರು ಮಕ್ಕಳು ನೆನಪಾದರು. ಪಾಕಿಸ್ತಾನ ಮೂಲದ ಕುಟುಂಬ, ಸಂಬಂಧದಲ್ಲೇ ಮದುವೆಗಳು. ಎಂಟು ವರ್ಷದ ಹುಡುಗಿಗೆ 86 ಕಿಲೋ. ಅವಳ ಹತ್ತಿರದ ಸಂಬಂಧಿ, ಎರಡು ವರ್ಷದ ಹುಡುಗನಿಗೆ 29 ಕಿಲೋ. ಇಬ್ಬರೂ ಹುಟ್ಟಿದಾಗ ಮಾಮೂಲಿ ತೂಕ. ಸದಾ ಊಟಕ್ಕೆ ಹಠ. ಕೇಂಬ್ರಿಜ್‌ನ ವೈದ್ಯ ಸಂಶೋಧಕರಾದ ಸದಫ್ ಫಾರೂಕಿ, ಸ್ಟೀಫನ್ ಓ'ರಾಹಿಲಿ ಮತ್ತು ಅವರ ತಂಡ ಈ ಮಕ್ಕಳ ರಕ್ತ ಪರೀಕ್ಷಿಸಿತು. ಲೆಪ್ಟಿನ್ ಎಂಬ ಹಾರ್ಮೋನು ಅವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಇದು 1997ರ ಮಾತು.

ಲೆಪ್ಟಿನ್ ಏನು ಮಾಡುತ್ತದೆ ಅಂತ ಹೇಳುತ್ತೇನೆ. ನಮ್ಮ ಮೈಯ ಕೊಬ್ಬೇ ಅದನ್ನು ತಯಾರಿಸುತ್ತದೆ. ರಕ್ತದಲ್ಲಿ ಹೋಗಿ ಮೆದುಳಿಗೆ "ಕಣಜ ತುಂಬಿದೆ, ಸಾಕು" ಅಂತ ತಿಳಿಸುತ್ತದೆ. ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಇದರ ಜೀನನ್ನು, ಅಂದರೆ ಇದನ್ನು ತಯಾರಿಸುವ ವಂಶವಾಹಿಯನ್ನು ಕಂಡುಹಿಡಿಯಿತು. ಆ ಜೀನು ಕೆಟ್ಟಿದ್ದರೆ ಸುದ್ದಿ ಮೆದುಳಿಗೆ ಮುಟ್ಟುವುದೇ ಇಲ್ಲ. ಮೈ ತುಂಬ ಕೊಬ್ಬಿದ್ದರೂ ಮೆದುಳಿನ ಲೆಕ್ಕದಲ್ಲಿ ಅದು ಬರಗಾಲ. ಬರಗಾಲದಲ್ಲಿರುವ ಮಗು ಅನ್ನ ಕಂಡರೆ ಏನು ಮಾಡುತ್ತದೆ? ನಿಮ್ಮ ಮಗಳು ರಾತ್ರಿ ಮಾಡುವುದನ್ನೇ ಮಾಡುತ್ತದೆ. ಅದಕ್ಕೆ ಹೊಟ್ಟೆಬಾಕತನ ಅಂತ ಹೆಸರಿಡಬೇಡಿ. ಯಾರಾದರೂ ಇಟ್ಟರೆ ತಡೆಯಿರಿ.

ಮುಂದೆ ಆ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರು. ಆಗ ಒಂಬತ್ತು ವರ್ಷ, ತೂಕ 94 ಕಿಲೋ ದಾಟಿತ್ತು. ಕೆಲವೇ ದಿನಗಳಲ್ಲಿ ಹಸಿವು ಇಳಿಯಿತು. ಒಂದು ವರ್ಷದಲ್ಲಿ 16 ಕಿಲೋಗಿಂತ ಜಾಸ್ತಿ ಕರಗಿತು. ಬೈಗುಳಕ್ಕೆ, ಬೀಗಕ್ಕೆ ಆಗದ ಕೆಲಸ ಅದು.

ಹಾಗಂತ ನಿಮ್ಮ ಮಗಳಿಗೂ ಇದೇ ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ನಾನು ಡಾಕ್ಟರಲ್ಲ. ಲೆಪ್ಟಿನ್ ಕೊರತೆ ಬಹಳ ಅಪರೂಪ. ಮೆದುಳಿನಲ್ಲಿ ಆ ಸುದ್ದಿಯನ್ನು ಮುಂದೆ ದಾಟಿಸುವ ಎಂಸಿ4ಆರ್ ಅನ್ನುವ ಜೀನಿನ ತೊಂದರೆ ಅದಕ್ಕಿಂತ ಜಾಸ್ತಿ. ಕೇಂಬ್ರಿಜ್ ತಂಡ ತೀವ್ರ ಬೊಜ್ಜಿನ 500 ಜನರನ್ನು ಪರೀಕ್ಷಿಸಿದಾಗ 29 ಮಂದಿಯಲ್ಲಿ ಅದು ಕಂಡಿತು. ಈ ಮಕ್ಕಳು ಎತ್ತರವಾಗಿಯೂ ಬೆಳೆಯುತ್ತಾರೆ. ಪ್ರಾಡರ್-ವಿಲ್ಲಿ ಅನ್ನುವ ಇನ್ನೊಂದು ಹುಟ್ಟು ಕಾಯಿಲೆ ಇದ್ದರೆ ಕಥೆ ಬೇರೆ. ಹುಟ್ಟಿದಾಗ ಮಗು ಬಟ್ಟೆಯ ಹಾಗೆ ಮೆತ್ತಗಿರುತ್ತದೆ, ಹಾಲು ಚೀಪುವುದಕ್ಕೂ ಶಕ್ತಿ ಇರುವುದಿಲ್ಲ. ಹಸಿವು ಶುರುವಾಗುವುದು ಆಮೇಲೆ. ಆ ಮಕ್ಕಳ ಮನೆಯವರಿಗೆ ಅಡುಗೆಮನೆಗೆ ಬೀಗ ಹಾಕಿ ಅಂತ ಡಾಕ್ಟರುಗಳೇ ಹೇಳುತ್ತಾರೆ. ನಿಮ್ಮ ಬೀಗದ ಬಗ್ಗೆ ನೀವು ಅಷ್ಟು ನೊಂದು ಬರೆದಿದ್ದಕ್ಕೆ ಇದನ್ನು ಹೇಳಿದೆ.

ಸೋದರಮಾವನ ವಿಷಯ. ಇಂಥ ಕೆಲವು ಕಾಯಿಲೆ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಜೀನು ಸೇರಬೇಕು. ನಿಮ್ಮ ಅಜ್ಜ ಅಜ್ಜಿಯೇ ನಿಮ್ಮ ಅತ್ತೆ ಮಾವ ಅಲ್ವಾ? ಅವರಲ್ಲೊಬ್ಬರ ಜೀನು ನಿಮ್ಮ ತಾಯಿಯ ಮೂಲಕ ನಿಮಗೂ, ನೇರವಾಗಿ ನಿಮ್ಮ ಯಜಮಾನರಿಗೂ ಬಂದಿರಬಹುದು. ನಿಮಗಿಬ್ಬರಿಗೂ ಏನೂ ಆಗಿರುವುದಿಲ್ಲ. ಆದರೆ ಹಾಗೆ ಇಬ್ಬರಿಗೂ ಬಂದಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಕಡೆ ತಲೆಮಾರುಗಳಿಂದ ನಡೆದು ಬಂದ ಮದುವೆ ಇದು. ನಿಮ್ಮನ್ನು ಕೇಳಿ ಯಾರೂ ಮಾಡಿರಲಿಕ್ಕಿಲ್ಲ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮಾತ್ರ ಅದಕ್ಕೆ ಮೊದಲೇ ಪರೀಕ್ಷೆ ಆಗಲಿ.

ತಾಯಂದಿರನ್ನು ದೂರುವುದು ನಮ್ಮೂರಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅದೇ ಕೇಂಬ್ರಿಜ್ ತಂಡ 2010ರಲ್ಲಿ, ಜೀನುಗಳನ್ನು ಹೊತ್ತಿರುವ ಕ್ರೋಮೋಸೋಮುಗಳಲ್ಲಿ 16ನೆಯದರ ಒಂದು ಚೂರು ಕಾಣೆಯಾಗಿದ್ದ ಮಕ್ಕಳ ಬಗ್ಗೆ ಬರೆಯಿತು. ಅವರಲ್ಲಿ ಕೆಲವರನ್ನು, ಅಪ್ಪ ಅಮ್ಮ ಬೇಕೆಂದೇ ಜಾಸ್ತಿ ತಿನ್ನಿಸುತ್ತಿದ್ದಾರೆ ಅಂತ ಅಲ್ಲಿನ ಸರ್ಕಾರಿ ಅಧಿಕಾರಿಗಳು ಅಪಾಯದಲ್ಲಿರುವ ಮಕ್ಕಳ ಪಟ್ಟಿಗೆ ಸೇರಿಸಿದ್ದರು. ಜೀನಿನ ಫಲಿತಾಂಶ ಬಂದ ಮೇಲೆ ಹೆಸರು ತೆಗೆದರು. ಆ ಮನೆಗಳ ರಾತ್ರಿಗಳು ಹೇಗಿದ್ದವೋ, ನೀವೇ ಬಲ್ಲಿರಿ.

ಈಗ ಮಾಡಬೇಕಾದ್ದು. ನಿಮ್ಮ ತಾಯಿ ಕಾರ್ಡು, ಅಂಗನವಾಡಿಯ ತೂಕದ ಪುಸ್ತಕ ಎರಡನ್ನೂ ಹುಡುಕಿ ಇಡಿ. ಯಾವ ತಿಂಗಳು ತೂಕ ಏರಿತು ಅನ್ನುವುದು ಅದರಲ್ಲಿದೆ. ಮಗಳ ಎತ್ತರವನ್ನೂ ಬರೆಸಿ. ಎತ್ತರ ನಿಂತು ತೂಕ ಮಾತ್ರ ಏರಿದರೆ ಡಾಕ್ಟರು ಥೈರಾಯ್ಡ್, ಸ್ಟೆರಾಯ್ಡ್ ಕಡೆ ಮೊದಲು ನೋಡುತ್ತಾರೆ. ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಮಾತ್ರೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಉಪವಾಸ ಕೆಡವಬೇಡಿ. ಮಕ್ಕಳ ಹಾರ್ಮೋನು ತಜ್ಞರನ್ನೇ ಕಾಣಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ವಿಚಾರಿಸಿ. ಜೀನು ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ.

ಸುಮ್ನೆ ಆಸೆ ಹುಟ್ಟಿಸಲಾರೆ. ಲೆಪ್ಟಿನ್ ಔಷಧ ತುಂಬಾ ದುಬಾರಿ, ಸುಲಭವಾಗಿ ಸಿಗುವುದೂ ಇಲ್ಲ. ಇನ್ನು ಕೆಲವು ಜೀನುಗಳ ತೊಂದರೆಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಸೆಟ್‌ಮೆಲನೊಟೈಡ್ ಅನ್ನುವ ಔಷಧ ಕೂಡ ಹಾಗೆಯೇ. ಎಂಥ ಕೊರತೆ ಅಂತ ಗೊತ್ತಾಗದೆ ಯಾವುದನ್ನೂ ಕೊಡುವ ಹಾಗಿಲ್ಲ. ಆದರೂ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಕಾಯಿಲೆಗೊಂದು ಹೆಸರು ಸಿಕ್ಕರೆ ಮನೆಯಲ್ಲಿ ನಿಮ್ಮ ಮೇಲಿನ ಬೈಗುಳವಾದರೂ ನಿಲ್ಲಬಹುದು.

ಕಳೆದ ಸಂಚಿಕೆಯ ಆ ಸಾಲಿಗೆ ತಿದ್ದುಪಡಿಯನ್ನು ಇದೇ ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ. ನಿಮಗೆ ಎರಡು ಪ್ರತಿ ಕಳಿಸುತ್ತಿದ್ದೇನೆ. ಒಂದು ನಿಮಗೆ, ಇನ್ನೊಂದು ಹಳೆಯ ಲೇಖನ ಹಿಡಿದು ಬರುವವರಿಗೆ.